ಮೂರು ಸಾವಿರ ಪಟಗಳ ಒಡೆಯರು

ನಮ್ಮ ಭೇಲೂಪುರಕ್ಕೂ ಹಾಸನ ಜಿಲ್ಲೆಯ ಬೇಲೂರಿಗೂ ಹೆಸರಿನ ಹೋಲಿಕೆಯನ್ನುಳಿದು ಬೇರೆ ನಂಟಿಲ್ಲ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಲ್ಲಿ ಬೇಲೂರನ್ನು ಕಣ್ಣಾರೆ ಕಂಡವರು ಕಡಮೆ, ಪಟದಲ್ಲಿ ಕಂಡವರೇ ಹೆಚ್ಚು. ಪಟ ನೋಡಿ ಒಂದು ನಾಡನ್ನು ಎಷ್ಟರಮಟ್ಟಿಗೆ ಅರಿಯಬಹುದು? ಇದನ್ನು ನಮಗಿಂತ ಮುಂಚೆ ಪರೀಕ್ಷಿಸಿ ನೋಡಿದ ಗ್ರಂಥಕರ್ತರೊಬ್ಬರಿದ್ದಾರೆ.

ಜೇಮ್ಸ್ ಫರ್ಗುಸನ್ (1808–1886) ಸ್ಕಾಟ್ಲೆಂಡಿನವರು. ಬಂಗಾಳದಲ್ಲಿ ನೀಲಿಯ ವ್ಯಾಪಾರದಿಂದ ಹಣ ಗಳಿಸಿ, ಆಮೇಲೆ ಗುಡಿಗೋಪುರಗಳ ಹುಚ್ಚು ಹತ್ತಿಸಿಕೊಂಡರು. ಲಂಡನ್ನಿನಲ್ಲಿ ನೆಲೆಸಿದ ಮೇಲೆ ಇಂಡಿಯಾದ ಕಟ್ಟಡಗಳ ಛಾಯಾಚಿತ್ರಗಳನ್ನು ಕೂಡಿಹಾಕತೊಡಗಿದರು. 1867ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಇಂಥ ಐದುನೂರರಷ್ಟು ಪಟಗಳನ್ನಿರಿಸಿದರು. 1876ರಲ್ಲಿ ಭಾರತೀಯ ವಾಸ್ತುಶಿಲ್ಪದ ಇತಿಹಾಸವನ್ನು ಪ್ರಕಟಿಸುವ ವೇಳೆಗೆ ಅವರ ಬಳಿ ಮೂರು ಸಾವಿರಕ್ಕೂ ಮಿಕ್ಕು ಪಟಗಳಿದ್ದುವು. ದೂರದೂರದ ಗುಡಿಗಳನ್ನು ಹೋಲಿಸಿ ನೋಡಲು ಛಾಯಾಚಿತ್ರವು ಸ್ವತಃ ಹೋಗಿ ನೋಡಿದ್ದಕ್ಕೆ ಬಹುಮಟ್ಟಿಗೆ ಸಮವೆಂದು ಅವರ ಅಭಿಪ್ರಾಯ.

ಈ ಸಂಗ್ರಹದ ಹುಚ್ಚಿನಿಂದ ಕನ್ನಡನಾಡಿಗೂ ಲಾಭವಾಯಿತು. 1855ರಲ್ಲಿ ಮುಂಬಯಿ ಸರಕಾರ ಫಿರಂಗಿ ದಳದ ಬಿಗ್ಸ್ ಎಂಬ ಅಧಿಕಾರಿಯನ್ನು ಬಿಜಾಪುರ, ಬಾದಾಮಿ, ಐಹೊಳೆಗಳ ಪಟ ತೆಗೆಯಲು ನೇಮಿಸಿತು. ವರ್ಷ ಮುಗಿಯುವುದರೊಳಗೆ ಅವರನ್ನು ದಂಡಿಗೆ ಮರಳಿ ಕರೆಸಿಕೊಂಡು, ಪಿಗೂ ಎಂಬ ವೈದ್ಯರಿಗೆ ಕೆಲಸ ಒಪ್ಪಿಸಿತು. (ಸರಕಾರದ ವರ್ಗಾವಣೆಯ ರೀತಿ ನಮ್ಮಂಥ ಗುಮಾಸ್ತರಿಗೆ ಹೊಸದಲ್ಲ!) ಮದರಾಸು ಸೈನ್ಯದ ವೈದ್ಯ ನೀಲ್ ಹಳೇಬೀಡಿನ ಪಟಗಳನ್ನು ತೆಗೆದರು. ಆಗ ಗಾಜಿಗೆ ಬದಲು ಬೆಳ್ಳಿಯ ಲವಣ ಸವರಿದ ಕಾಗದವನ್ನೇ ಕ್ಯಾಮೆರಾದೊಳಗೆ ಇಡುತ್ತಿದ್ದರು. ಬಿಸಿಲಿನಲ್ಲಿ ನಿಮಿಷಗಟ್ಟಲೆ ಕಾಯಬೇಕು. ಗುಡಿ ಅಲ್ಲಾಡದು, ಎದುರು ಓಡಾಡುವ ಮನುಷ್ಯ ಮಾತ್ರ ಅಳಿಸಿಯೇ ಹೋಗುತ್ತಿದ್ದ.

ಈ ಮೂವರ ಪಟಗಳನ್ನು ಅಂಟಿಸಿದ ‘ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪ’ ಎಂಬ ಭಾರಿ ಗ್ರಂಥ 1866ರಲ್ಲಿ ಲಂಡನ್ನಿನಲ್ಲಿ ಹೊರಬಂದಿತು. ಪೋಷಕರು ಮುಂಬಯಿಯ ಹತ್ತಿವ್ಯಾಪಾರಿ ಪ್ರೇಮಚಂದ ರಾಯಚಂದರು.  ಶಿಲ್ಪದ ಟಿಪ್ಪಣಿ ಫರ್ಗುಸನ್ನರದು, ಚರಿತ್ರೆಯ ಭಾಗ ಸುರಪುರದ ಬಾಲರಾಜನಿಂದ ‘ಅಪ್ಪಾ’ ಎನ್ನಿಸಿಕೊಂಡಿದ್ದ ಕಾದಂಬರಿಕಾರ ಮೆಡೋಸ್ ಟೇಲರರದು.

ಹಳೇಬೀಡಿನ ಗುಡಿಯನ್ನು ಫರ್ಗುಸನ್ನರು ಗ್ರೀಸಿನ ಪಾರ್ಥೆನಾನಿಗೆ ಎದುರಾಗಿ ನಿಲ್ಲಿಸಿ ಕೊಂಡಾಡಿದರು. ಪಟವಿಲ್ಲದಿದ್ದರೆ ಲಂಡನ್ನಿನ ಓದುಗರು ಇದನ್ನು ನಂಬುತ್ತಿದ್ದರೆ? ಆದರೆ ಅವರ ಸಂಗ್ರಹದ ಮಿತಿಯೂ ಅಲ್ಲಿಯೇ ಕಾಣುತ್ತದೆ. ಪಟದಲ್ಲಿ ಗುಡಿಗೆ ಶಿಖರವಿಲ್ಲ. ಅದಕ್ಕೆ ಶಿಖರವೇರಿಸಿ, ಹೀಗಿದ್ದಿರಬೇಕೆಂದು ಒಂದು ಚಿತ್ರ ಬರೆಸಿ ಪುಸ್ತಕದಲ್ಲಿ ಹಾಕಿದರು. ದೂರದಲ್ಲಿ ಕುಳಿತು ಪಟ ನೋಡುವವರೆಲ್ಲರ ಪಾಡೂ ಇದೇ. ಇಲ್ಲದ ಶಿಖರವನ್ನು ಮನಸ್ಸು ತಾನೇ ಕಟ್ಟಿಕೊಳ್ಳುತ್ತದೆ. ಕಾಶಿಯಲ್ಲಿದ್ದುಕೊಂಡು ನಾವು ನೆನೆಯುವ ಊರಿಗೂ ಇಂಥ ಶಿಖರಗಳು ಎಷ್ಟಿವೆಯೋ!

ಒಂದು ವಿಷಯದಲ್ಲಿ ಅವರದೇ ಮೇಲು. ಆ ಗ್ರಂಥದ ಪಟಗಳಿಗೆ ಊರಿನ ಹೆಸರುಂಟು, ತೆಗೆದವರ ಹೆಸರುಂಟು. ನಮ್ಮ ಮನೆಗಳ ಟ್ರಂಕಿನಲ್ಲಿರುವ ಮದುವೆ ಮುಂಜಿಯ ಪಟಗಳ ಬೆನ್ನು ನೋಡಿದರೆ ಬರಿ ಬಿಳಿ. ಎಡಗಡೆಯಿಂದ ಮೂರನೆಯವರು ಯಾರ ಸೋದರತ್ತೆ ಎಂಬುದು ಮನೆಯ ಅಜ್ಜಿಯೊಬ್ಬರಿಗೇ ಗೊತ್ತು. ಫೋನಿನೊಳಗಿನ ಸಾವಿರಾರು ಪಟಗಳ ಗತಿಯೂ ಇದೇ. ಬರುವ ಭಾನುವಾರ ಅಜ್ಜಿಯನ್ನು ಕೂರಿಸಿಕೊಂಡು ಕೇಳಿ ಬರೆದಿಡಿ: ಹೆಸರು, ಊರು, ವರ್ಷ. ಮೆತ್ತನೆಯ ಪೆನ್ಸಿಲಿನಲ್ಲಿ ಬರೆಯಿರಿ. ಶಾಯಿಯಾದರೆ ಗಂಗೆಯ ಮಳೆಗಾಲದ ತೇವಕ್ಕೆ ಮುಂಬದಿಗೂ ಇಳಿಯುತ್ತದೆ.