ವಾಹನಕ್ಕೆ ಎರಡನೆಯ ಬ್ಯಾಟರಿ

ಯುಗಾದಿ ಸಮೀಪಿಸಿತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯಿಂದ ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ನಡೆದು ಹೊರಡುವವರು ಅನೇಕರು. ಕೆಲವು ತಂಡಗಳೊಡನೆ ಅಡಿಗೆಯ ಪಾತ್ರೆ, ನೀರಿನ ಪೀಪಾಯಿ, ಹಾಸಿಗೆಗಳನ್ನು ಹೊತ್ತ ವಾಹನವೊಂದು ಇರುವುದುಂಟು. ಹಗಲು ಅದು ಉಗ್ರಾಣ, ರಾತ್ರಿ ಅದೇ ಮನೆ. ದೀಪ ಉರಿಯಬೇಕು, ಮುದುಕರಿಗೆ ಫ್ಯಾನು ತಿರುಗಬೇಕು, ಎಲ್ಲರ ಮೊಬೈಲುಗಳಿಗೂ ವಿದ್ಯುತ್ತು ಬೇಕು. ಪಾಶ್ಚಾತ್ಯರು ಹಾಸಿಗೆ, ಒಲೆಗಳೊಡನೆ ಸಂಚರಿಸುವ ವಾಹನವನ್ನು ‘ಕ್ಯಾಂಪರ್ ವ್ಯಾನ್’ ಎನ್ನುತ್ತಾರೆ. ನಮ್ಮ ಈ ವಾಹನ ಹೆಸರಿಲ್ಲದೆ ಅದೇ ಕೆಲಸ ಮಾಡುತ್ತದೆ. ರಾತ್ರಿಯೆಲ್ಲ ಹೀಗೆ ದುಡಿದ ಬ್ಯಾಟರಿ ಮುಂಜಾನೆ ಎಂಜಿನನ್ನು ಹೊರಡಿಸಲಾರದು. ಆಗ ಜನರೇ ಹಿಂದಿನಿಂದ ತಳ್ಳಬೇಕು. ಇದಕ್ಕೆ ಪರಿಹಾರವೆಂದು ಎರಡನೆಯ ಬ್ಯಾಟರಿಯೊಂದನ್ನು ತಂದು, ಧನಕ್ಕೆ ಧನ, ಋಣಕ್ಕೆ ಋಣ ತಂತಿ ಬಿಗಿದುಬಿಡುವವರಿದ್ದಾರೆ. ಎರಡನೆಯ ಬ್ಯಾಟರಿ ಬೇಕು, ನಿಜ. ಆದರೆ ಹೀಗೆ ಬಿಗಿಯುವುದು ಸರಿಯಲ್ಲವೆಂದೇ ನಮ್ಮ ಅಭಿಪ್ರಾಯ.

ಫ್ರಾನ್ಸಿನ ಗಾಸ್ತೋಂ ಪ್ಲಾಂತೆ 1859ರಲ್ಲಿ ರಚಿಸಿದ ಸೀಸ-ಆಮ್ಲದ ಕೋಶವೇ ಇಂದಿನ ವಾಹನ ಬ್ಯಾಟರಿಗಳ ಮೂಲ. ಎಂಜಿನ್ ಹೊರಡಿಸುವ ಬ್ಯಾಟರಿಯು ಸೆಲ್ಫ್ ತಿರುಗಿಸಿದಾಗ ಕೆಲವೇ ಸೆಕೆಂಡುಗಳ ಕಾಲ 200 ಆಂಪಿಯರಿಗೂ ಮಿಕ್ಕಿದ ಪ್ರವಾಹವನ್ನು ಕೊಡಬೇಕಾಗುತ್ತದೆ. ಅದಕ್ಕಾಗಿ ಅದರಲ್ಲಿ ತೆಳುವಾದ ಸೀಸದ ಫಲಕಗಳನ್ನು ಹೆಚ್ಚು ಸಂಖ್ಯೆಯಲ್ಲಿ ಜೋಡಿಸಿರುತ್ತಾರೆ. ಅಲ್ಪ ಪ್ರವಾಹವನ್ನು ರಾತ್ರಿಯಿಡೀ ಕೊಡಲು ಬೇಕಾದುದು ದಪ್ಪ ಫಲಕ. ಗಾಡಿಯೋಟದ ಎತ್ತಿಗೂ ನೇಗಿಲಿನ ಎತ್ತಿಗೂ ಇರುವ ಭೇದವಿದು. ತೆಳುಫಲಕದ ಬ್ಯಾಟರಿಯನ್ನು ಪದೇ ಪದೇ ಪೂರ್ತಿ ಇಳಿಸಿದರೆ ಸೀಸದ ಸಲ್ಫೇಟು ಫಲಕಗಳ ಮೇಲೆ ಗಟ್ಟಿಯಾಗಿ ನಿಂತು, ಅದು ಬೇಗನೆ ಕೆಡುತ್ತದೆ.

ಎರಡನ್ನೂ ನೇರವಾಗಿ ಕೂಡಿಸಿದರೆ ಆಗುವುದೇನು? ತುಂಬಿದ ಬ್ಯಾಟರಿಯ ವಿಭವ ಸುಮಾರು 12.7 ವೋಲ್ಟ್, ಚೆನ್ನಾಗಿ ಇಳಿದುದರದು 11.7 ಇರಬಹುದು. ಅಂತರ ಒಂದೇ ವೋಲ್ಟ್. ಆದರೆ ಬ್ಯಾಟರಿಗಳ ಒಳರೋಧವೂ ತಂತಿಯ ರೋಧವೂ ಸೇರಿ 0.02 ಓಮ್ ಆದರೆ, ಓಮನ ನಿಯಮದಂತೆ ಆ ಕ್ಷಣ ಹರಿಯುವ ಪ್ರವಾಹ 50 ಆಂಪಿಯರ್! ಮನೆಯಲ್ಲಿ ದೀಪಕ್ಕೆ ಬಳಸುವ ತಂತಿ ಅದನ್ನು ತಾಳಲಾರದು. ಅಷ್ಟಲ್ಲದೆ ರಾತ್ರಿ ಎರಡೂ ಒಟ್ಟಿಗೇ ಇಳಿದುಹೋಗುವುದರಿಂದ ಮುಂಜಾನೆ ತಳ್ಳುವ ಕೆಲಸ ತಪ್ಪಿದಂತಾಗಲಿಲ್ಲ. ಆದಕಾರಣ ನಡುವೆ ವಿಭವವನ್ನು ಅರಿತು ಕೆಲಸ ಮಾಡುವ ರಿಲೇ ಇರಬೇಕು. ಎಂಜಿನ್ ಓಡುತ್ತ ವಿಭವ ಸುಮಾರು 13.3 ವೋಲ್ಟ್ ಮುಟ್ಟಿದಾಗ ಅದು ಎರಡನ್ನೂ ಕೂಡಿಸುತ್ತದೆ, 12.8ರ ಆಸುಪಾಸಿಗೆ ಇಳಿದಾಗ ಬಿಡಿಸುತ್ತದೆ. 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿಎಸ್-6 ಮಾನಕದ ಕೆಲವು ವಾಹನಗಳಲ್ಲಿ ಆಲ್ಟರ್ನೇಟರಿನ ವಿಭವವನ್ನು ಗಣಕವೇ ಏರಿಳಿಸುವುದರಿಂದ ಈ ರಿಲೇ ತಬ್ಬಿಬ್ಬಾದೀತು. ಅಂಥಲ್ಲಿ ಡಿಸಿ-ಡಿಸಿ ಚಾರ್ಜರ್ ಎಂಬ ಬೇರೆ ಸಾಧನ ಬೇಕು. ಫ್ಯೂಸು ಮಾತ್ರ ತಂತಿಯ ಎರಡು ತುದಿಗಳಲ್ಲಿಯೂ, ಬ್ಯಾಟರಿಗೆ ಒಂದು ಗೇಣಿನೊಳಗೆ ಇರಲಿ. ಎರಡು ತುದಿಗಳಲ್ಲಿಯೂ ಬ್ಯಾಟರಿ ಇರುವಾಗ ಒಂದೇ ಫ್ಯೂಸು ಅರ್ಧ ಕಾವಲಷ್ಟೆ.

ತಂತಿಯಲ್ಲಿ ಮಾಡುವ ಉಳಿತಾಯವೂ ಸಲ್ಲದು. ಐದು ಮೀಟರ್ ದೂರದ ಬ್ಯಾಟರಿಗೆ ಹೋಗಿಬರುವ ದಾರಿ ಹತ್ತು ಮೀಟರ್. 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 30 ಆಂಪಿಯರ್ ಹರಿಸಿದರೆ ಸುಮಾರು 2 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. 16 ಚದರ ಮಿಲಿಮೀಟರಿನದಾದರೆ ನಷ್ಟ ಮೂರನೆಯ ಒಂದು ವೋಲ್ಟ್ ಮಾತ್ರ.

ಇಷ್ಟಾದರೂ ಮುಖ್ಯ ಪ್ರಶ್ನೆಯೊಂದು ಉಳಿಯಿತು: ಖರ್ಚಾದ ವಿದ್ಯುತ್ತು ಮರಳಿ ಬರುವುದೆಲ್ಲಿಂದ? ದೀಪ, ಫ್ಯಾನು, ಮೊಬೈಲುಗಳಿಗೆ ಒಟ್ಟು 60 ವಾಟ್ ಎಂದಿಟ್ಟುಕೊಳ್ಳೋಣ. ಅದು 5 ಆಂಪಿಯರ್. ಎಂಟು ಗಂಟೆಗೆ 40 ಆಂಪಿಯರ್-ಗಂಟೆ. ಊರಿನಿಂದ ಊರಿಗೆ ಓಡುವ ಲಾರಿಗೆ ಇದನ್ನು ತುಂಬಿಕೊಳ್ಳುವುದು ಕಷ್ಟವಲ್ಲ. ನಡೆಯುವವರ ಜೊತೆಗಿನ ವಾಹನವಾದರೋ ಮುಂದಿನ ತಂಗುದಾಣದವರೆಗೆ ಒಂದು ಗಂಟೆ ಓಡಿ, ಉಳಿದ ದಿನವೆಲ್ಲ ಮರದ ನೆರಳಿನಲ್ಲಿ ನಿಂತಿರುತ್ತದೆ. ಆ ಒಂದು ಗಂಟೆಯಲ್ಲಿ 15-20 ಆಂಪಿಯರ್-ಗಂಟೆ ಮರಳಿದರೆ ಹೆಚ್ಚು. ದಿನಕ್ಕೆ 20ರಂತೆ ಸಾಲ ಬೆಳೆದು, ಎಷ್ಟು ದೊಡ್ಡ ಬ್ಯಾಟರಿಯಾದರೂ ನಲ್ಲಮಲ ಕಾಡನ್ನು ತಲುಪುವ ಮೊದಲೇ ಬರಿದಾದೀತು. ಅಂಗಡಿಯವರು ಇದನ್ನು ಹೇಳುವುದು ಅಪರೂಪ. ಅವರು ಮಾರುವುದು ಬ್ಯಾಟರಿಯನ್ನು.

ನಮ್ಮ ಸೀಮೆಯ ಫಾಲ್ಗುಣದ ಬಿಸಿಲು ಇಲ್ಲಿ ಉಪಯೋಗಕ್ಕೆ ಬರುತ್ತದೆ. ವಾಹನದ ಮಾಡಿಗೆ 100 ವಾಟಿನ ಸೌರಫಲಕವೊಂದನ್ನು ಬಿಗಿದರೆ, ಧೂಳು, ಕಾವುಗಳ ನಷ್ಟವನ್ನು ಕಳೆದೂ ದಿನಕ್ಕೆ 25-30 ಆಂಪಿಯರ್-ಗಂಟೆ ದೊರೆಯುವುದು ಸಾಧ್ಯ. ಆಗ ಆಯವ್ಯಯ ಸರಿದೂಗುತ್ತದೆ. ವಾಹನವನ್ನು ಮಾತ್ರ ಮರದಡಿಯಿಂದ ಬಿಸಿಲಿಗೆ ತರಬೇಕು! ಹಣ ಒಂದಕ್ಕೇ ಸಾಲುವಂತಿದ್ದರೆ, 200 ಆಂಪಿಯರ್-ಗಂಟೆಯ ಬ್ಯಾಟರಿಗಿಂತ 100ರದೊಂದು ಬ್ಯಾಟರಿ ಮತ್ತು ಈ ಫಲಕ ಲೇಸೆಂದು ನಾವು ಹೇಳುವೆವು.

ಮನೆಯ ಇನ್ವರ್ಟರಿನ ಎತ್ತರದ ಬ್ಯಾಟರಿಯನ್ನು ತಂದು ಕೂರಿಸುವವರೂ ಇದ್ದಾರೆ. ಅದರ ಫಲಕಗಳೇನೋ ದಪ್ಪನೆಯವೇ; ಆದರೆ ಅದು ನಿಂತಲ್ಲೇ ನಿಲ್ಲಲು ಮಾಡಿದ್ದು, ಕುಲುಕಾಟಕ್ಕೆ ಆಮ್ಲ ಚೆಲ್ಲೀತು. ಮುಚ್ಚಳ ಭದ್ರವಾದ, ಆಳವಾಗಿ ಇಳಿಸಬಹುದಾದ ಜಾತಿಯದನ್ನೇ ಕೇಳಿ ಪಡೆದು, ಕಬ್ಬಿಣದ ಪಟ್ಟಿಯಿಂದ ನೆಲಕ್ಕೆ ಬಿಗಿಯಬೇಕು. ತುಂಬುವಾಗ ಸೀಸದ ಬ್ಯಾಟರಿಯಿಂದ ಜಲಜನಕ ಹೊರಬರಬಹುದಾದ್ದರಿಂದ ಗಾಳಿ ಆಡುವ ಎಡೆ ಬೇಕು. ಒಲೆಯ ಪಕ್ಕದಲ್ಲಿಯೂ, ಮಕ್ಕಳು ಮಲಗುವ ಹಲಗೆಯ ಕೆಳಗೂ ಅದನ್ನು ಇಡಕೂಡದು.