ಕೊರಿಯರ್‌ನಲ್ಲಿ ಬಂದ ವಿಚ್ಛೇದನ

ಗುಂಡ್ಲುಪೇಟೆ ಕಡೆಯ ಪರಿಚಯದ ರೈತರೊಬ್ಬರು ತೆರಕಣಾಂಬಿ ಮಾರ್ಗದ ಬಸ್ಸು ಹಿಡಿದು ಚಾಮರಾಜನಗರದ ನಮ್ಮ ಮನೆಗೆ ಬಂದಿದ್ದರು. ಕೈಯಲ್ಲೊಂದು ದಪ್ಪ ಲಕೋಟೆ. ಅಮೆರಿಕದಲ್ಲಿರುವ ಅಳಿಯ ಅಲ್ಲಿಯ ಕೋರ್ಟಿನಲ್ಲಿ ವಿಚ್ಛೇದನದ ಅರ್ಜಿ ಹಾಕಿ, ಸಮನ್ಸನ್ನು ಕೊರಿಯರ್ ಮಾಡಿಸಿದ್ದಾನೆ. ಮಗಳು ನನ್ನ ಹಳೆಯ ವಿದ್ಯಾರ್ಥಿನಿ. ಮದುವೆಯಾದಾಗಿನಿಂದ ವೀಸಾ ಬಂದೀತೆಂದು ಕಾಯುತ್ತ ತವರಿನಲ್ಲೇ ಇದ್ದಾಳೆ.

"ಗೊತ್ತಾಗ್ದೆ ಸೈನ್ ಹಾಕ್ಬುಟ್ಟವ್ಳೆ ಮೇಷ್ಟ್ರೇ. ಒಪ್ಕಂಡಂಗೆ ಆಗೋಯ್ತಾ?"

ಬೆಳಕು, ಶಾಖ ಪಾಠ ಮಾಡುವವನು ನಾನು. ಕಾನೂನು ನನ್ನ ವಿಷಯವಲ್ಲ. ವಕೀಲ ಮಿತ್ರರನ್ನು ಕೇಳಿ, ಪುಸ್ತಕ ತಿರುವಿ ನೋಡಿದೆ.

ಆ ಸಹಿ ಲಕೋಟೆ ತಲುಪಿದ್ದಕ್ಕೆ ಹಾಕಿದ್ದೇ ಹೊರತು ವಿಚ್ಛೇದನಕ್ಕೆ ಕೊಟ್ಟ ಒಪ್ಪಿಗೆಯಲ್ಲ. ಒಂದು ದೇಶದ ಕೋರ್ಟಿನ ಕಾಗದವನ್ನು ಇನ್ನೊಂದು ದೇಶದಲ್ಲಿ ಜಾರಿ ಮಾಡಲು 1965ರ ಹೇಗ್ ಒಪ್ಪಂದವಿದೆ. ಭಾರತ ಅದಕ್ಕೆ ಸೇರಿದ್ದು 2006ರಲ್ಲಿ. ಜಾರಿಗೆ ಬಂದದ್ದು 2007ರ ಆಗಸ್ಟ್ 1ರಿಂದ. ಸೇರುವಾಗಲೇ ನಮ್ಮ ಸರ್ಕಾರ, ನೇರ ಅಂಚೆಯಲ್ಲಿ ಕಳಿಸುವ ಕ್ರಮಕ್ಕೆ ಆಕ್ಷೇಪ ಹೇಳಿದೆ. ಕಾಗದ ದೆಹಲಿಯ ಕಾನೂನು ಸಚಿವಾಲಯದ ಮೂಲಕವೇ ಬರಬೇಕು. ಅದೂ ಇಂಗ್ಲಿಷಿನಲ್ಲಿದ್ದರೆ ಸಾಕಂತೆ! ಓದಬೇಕಾದವರಿಗೆ ಕನ್ನಡವಷ್ಟೇ ಬಂದರೆ ಏನು ಗತಿ, ನೀವೇ ಹೇಳಿ.

ಹಾಗೆಂದು ಸುಮ್ಮನೆ ಕೂರುವಂತಿಲ್ಲ. ಅಲ್ಲಿಯ ಕೋರ್ಟು ತನ್ನ ಪಾಡಿಗೆ ಡಿಕ್ರಿ ಕೊಟ್ಟುಬಿಡಬಹುದು. ಅದು ಇಲ್ಲಿ ನಡೆಯುತ್ತದೆಯೇ ಎಂಬುದು ಬೇರೆ ಮಾತು. ವೈ. ನರಸಿಂಹ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1991ರಲ್ಲೇ ಇದನ್ನು ಬಿಡಿಸಿ ಹೇಳಿದೆ. ಅಲ್ಲಿಯೂ ಗಂಡ ಅಮೆರಿಕದ ಮಿಸ್ಸೌರಿಯಲ್ಲಿ ಡಿಕ್ರಿ ತಂದಿದ್ದ. ಹೆಂಡತಿ ತಾನಾಗಿ ಅಲ್ಲಿಯ ಕೋರ್ಟಿಗೆ ಒಳಪಟ್ಟು ವಾದಿಸದಿದ್ದರೆ, ವಿಚ್ಛೇದನಕ್ಕೆ ಕೊಟ್ಟ ಕಾರಣ ನಮ್ಮ ವಿವಾಹ ಕಾನೂನಿನಲ್ಲಿ ಇಲ್ಲದಿದ್ದರೆ, ಆ ಡಿಕ್ರಿಗೆ ಇಲ್ಲಿ ಮಾನ್ಯತೆ ಸಿಗದು. ಆದ್ದರಿಂದ ವಕೀಲರನ್ನು ಕೇಳದೆ ಅಮೆರಿಕಕ್ಕೆ ಉತ್ತರ ಬರೆಯಬಾರದು.

ಹುಡುಗಿಯೇ ಬಿಡುಗಡೆ ಬಯಸಿದರೆ ಅಮೆರಿಕಕ್ಕೆ ಓಡಬೇಕಾಗಿಲ್ಲ. ಹಿಂದೂ ವಿವಾಹ ಕಾಯ್ದೆಗೆ 2003ರಲ್ಲಿ ತಿದ್ದುಪಡಿಯಾದ ಮೇಲೆ, ಹೆಂಡತಿ ತಾನಿರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ವಕೀಲರ ಫೀಜಿಗೆ ಹೆದರಬೇಕಿಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವಿದೆ. ಆಗ ಸಮನ್ಸು ದೆಹಲಿ ದಾಟಿ ಅವನಿಗೆ ಹೋಗಬೇಕು. ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಗಂಡನ ವಿಳಾಸ ಗೊತ್ತಿಲ್ಲದಿದ್ದರಂತೂ ಹೇಗ್ ಒಪ್ಪಂದವೇ ಅನ್ವಯಿಸುವುದಿಲ್ಲ.

ಇದನ್ನೆಲ್ಲ ಹೇಳಿ, "ಅಳಿಯನ ಈಗಿನ ವಿಳಾಸ ಇದೆಯೆ?" ಎಂದೆ. ಮನೆ ಬದಲಾಯಿಸಿ ವರ್ಷವಾಯಿತು, ಫೋನೂ ಎತ್ತುವುದಿಲ್ಲ ಎಂದರು. ಲಕೋಟೆಯೊಳಗಿನ ಅರ್ಜಿಯ ಮೊದಲ ಪುಟ ತೆಗೆದು ತೋರಿಸಿದೆ. ಅವನ ಹೆಸರಿನ ಕೆಳಗೇ ಮನೆ ನಂಬರು, ಬೀದಿ, ಊರು ಎಲ್ಲ ಅಚ್ಚಾಗಿತ್ತು.

"ಅವ್ರವ್ವ ಒಲೆಗಾಕು ಅಂದಿದ್ಲು ಮೇಷ್ಟ್ರೇ" ಎನ್ನುತ್ತ ಅವರು ಕಾಗದವನ್ನು ಜೋಪಾನವಾಗಿ ಮಡಿಸಿಕೊಂಡರು.