ಚಕ್ರ ನೆಲ ಮುಟ್ಟಿದರೆ ಹಾರಾಟ ಮುಗಿಯಿತೇ?

ಹಳೆಯ ಸಣ್ಣ ವಿಮಾನವೊಂದು ಇಳಿಯುವಾಗ ಪಕ್ಕಕ್ಕೆ ತಿರುಗಿ ರೆಕ್ಕೆ ಮುರಿದುಕೊಂಡಿತು ಎಂಬ ಸುದ್ದಿ ಬಂದರೆ, ‘ಹಳೇ ಗಾಡಿ, ಕೈಕೊಟ್ಟಿರಬೇಕು’ ಎಂದುಬಿಡುತ್ತೇವೆ. ಹೈದರಾಬಾದಿನಲ್ಲಿ ವಿಮಾನ ನಿರ್ವಹಣೆಯ ಕೆಲಸದಲ್ಲಿರುವ ನನಗೆ ಈ ಮಾತು ಒಪ್ಪಿಗೆಯಿಲ್ಲ. ಎಷ್ಟೋ ಸಲ ಎಂಜಿನ್ ಚೆನ್ನಾಗಿಯೇ ಇರುತ್ತದೆ. ಕೊರತೆ ಇರುವುದು ನಡೆಸುವವರ ಅಭ್ಯಾಸದಲ್ಲಿ.

ಇದು ನಮಗೆ ದೂರದ ವಿಷಯವೂ ಅಲ್ಲ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಹಾರಿದ ಎಚ್‌ಟಿ-2, ಅಲ್ಲಿಯೇ ತಯಾರಾಗಿ 1958ರಲ್ಲಿ ಹಾರಿದ ಪುಷ್ಪಕ್ ಎರಡೂ ಬಾಲಚಕ್ರದ ವಿಮಾನಗಳೇ. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಮಂದಿ ಪುಷ್ಪಕ್‌ನಲ್ಲೇ ಹಾರಲು ಕಲಿತರು.

ಇವುಗಳಲ್ಲಿ ಎರಡು ದೊಡ್ಡ ಚಕ್ರ ಮುಂದೆ, ಪುಟ್ಟದೊಂದು ಬಾಲದಡಿ. ಭಾರದ ಕೇಂದ್ರ ದೊಡ್ಡ ಚಕ್ರಗಳ ಹಿಂದಿರುತ್ತದೆ. ಕೈಗಾಡಿಯನ್ನು ಎಳೆದರೆ ನೆಟ್ಟಗೆ ಬರುತ್ತದೆ, ಹಿಂದಿನಿಂದ ನೂಕಿದರೆ ಅತ್ತಿತ್ತ ಹೊರಳುತ್ತದೆ. ಇಲ್ಲೂ ಹಾಗೆಯೇ. ಮೂತಿ ಸ್ವಲ್ಪ ತಿರುಗಿದರೆ ಸಾಕು, ಹಿಂದಿನ ಭಾರ ಮುಂದೆ ನುಗ್ಗಲು ನೋಡುತ್ತದೆ. ಪೈಲಟ್ ತಕ್ಷಣ ಕಾಲಿನಿಂದ ರಡ್ಡರ್ ಒತ್ತಿ ತಡೆಯದಿದ್ದರೆ ವಿಮಾನ ಗಿರಕಿ ಹೊಡೆಯುತ್ತದೆ. ಇದೇ ಗ್ರೌಂಡ್ ಲೂಪ್. ಹೊರಬದಿಯ ರೆಕ್ಕೆ ನೆಲಕ್ಕೆ ತಾಗಬಹುದು, ಚಕ್ರದ ಕಾಲು ಮುರಿಯಬಹುದು. ಗಾಬರಿಯಿಂದ ಬ್ರೇಕ್ ಒತ್ತಿದರೆ ಮೂತಿ ನೆಲಕ್ಕೆ ಬಡಿದು ಪ್ರೊಪೆಲ್ಲರ್ ಹಾಳಾಗುತ್ತದೆ. ವೇಗ ತಗ್ಗಿದಂತೆ ರಡ್ಡರ್‌ನ ಬಲ ಕುಂದುತ್ತದೆ. ಅಡ್ಡಗಾಳಿ ಮಾತ್ರ ಬಾಲವನ್ನು ತಳ್ಳುತ್ತಲೇ ಇರುತ್ತದೆ. ‘ಇಳಿದಾಯಿತು’ ಎಂದು ನಿಟ್ಟುಸಿರು ಬಿಡುವ ಹೊತ್ತೇ ಅಪಾಯದ ಹೊತ್ತು.

ಇಂದು ಹೆಚ್ಚಿನವರು ಕಲಿಯುವುದು ಮೂತಿಯಡಿ ಚಕ್ರವಿರುವ ವಿಮಾನಗಳಲ್ಲಿ. ಅವು ನೆಲದ ಮೇಲೆ ತಾವಾಗಿಯೇ ನೆಟ್ಟಗಾಗಲು ನೋಡುತ್ತವೆ. ಆ ಸಲಿಗೆಯಲ್ಲಿ ಪಳಗಿದ ಕಾಲು ಹಳೆಯ ವಿಮಾನದಲ್ಲಿ ತಡಮಾಡುತ್ತದೆ. ಅಮೆರಿಕದಲ್ಲಿ ಬಾಲಚಕ್ರದ ವಿಮಾನ ನಡೆಸಲು ಬರೀ ಲೈಸೆನ್ಸ್ ಸಾಲದು. 1991ರ ಏಪ್ರಿಲ್ 15ಕ್ಕೆ ಮೊದಲಿನ ಅನುಭವ ಇಲ್ಲದವರು ಅಡ್ಡಗಾಳಿಯಲ್ಲಿ ಇಳಿಯುವುದನ್ನೂ ಸರಿಬಾರದಿದ್ದರೆ ಮತ್ತೆ ಮೇಲೇರುವುದನ್ನೂ ಕಲಿತು, ಬೋಧಕರ ಸಹಿ ಪಡೆಯಬೇಕು.

ಸಹಿಯೊಂದರಿಂದಲೇ ಕೆಲಸ ಮುಗಿಯದು ಎಂಬುದು ನನ್ನ ಅಭಿಪ್ರಾಯ. ತಿಂಗಳುಗಟ್ಟಲೆ ಹಾರದಿದ್ದವರು ಮೊದಲು ಬೋಧಕರ ಜೊತೆ ಹಾರಲಿ. ಅಡ್ಡಗಾಳಿ ಜೋರಾದ ದಿನ, ಎಷ್ಟೇ ಜನ ನೋಡಲು ಕಾದಿದ್ದರೂ ವಿಮಾನ ಹ್ಯಾಂಗರ್‌ನಲ್ಲೇ ಇರಲಿ. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಿದವರನ್ನು ಯಾರೂ ಆಡಿಕೊಳ್ಳದಿರಲಿ. ಪೈಲಟ್ ಎದ್ದು ನಡೆದುಬಂದರೂ, ಮುರಿದ ರೆಕ್ಕೆಗೆ ಬೇಕಾದ ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ. ಅದನ್ನು ಮತ್ತೆ ಕಟ್ಟಿ ಬಟ್ಟೆ ಹೊದಿಸಬಲ್ಲ ಕೈಗಳೂ ಹೆಚ್ಚಿಲ್ಲ. ವಿಮಾನ ನಿಂತು, ಚಕ್ರಕ್ಕೆ ಅಡೆ ಕೊಟ್ಟ ಮೇಲೆಯೇ ಹಾರಾಟ ಮುಗಿಯುವುದು.